ಒಂದೇ ಒಂದು ಚೀನೀ ಅಕ್ಷರ ಕಲಿಯೋದು ಹೇಗೆ? ‘ಚಹಾ’ದಿಂದ ಶುರು ಮಾಡಿ

“ಚೀನೀ ಭಾಷೆ ಕಲೀಬೇಕು, ಆದರೆ ಸಾವಿರಾರು ಅಕ್ಷರ ಅಂತಾರಲ್ಲ, ಎಲ್ಲಿಂದ ಶುರು ಮಾಡೋದು?” ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಇನ್ನು ಕೆಲವರು ಟೀ ಶರ್ಟಿನ ಮೇಲೋ ಪಿಂಗಾಣಿ ಕಪ್ಪಿನ ಮೇಲೋ ಕಂಡ ಅಕ್ಷರದ ಫೋಟೊ ಕಳಿಸಿ “ಇದರ ಅರ್ಥ ಏನು?” ಎಂದು ಕೇಳುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಒಂದು ಅಕ್ಷರ ಹಿಡಿದುಕೊಳ್ಳಿ, ಅದನ್ನು ಪೂರ್ತಿ ಕಲಿಯಿರಿ. ಅದರ ಸದ್ದು, ಗೀಟುಗಳು, ಅದು ಯಾವ ಯಾವ ಪದಗಳ ಜೊತೆ ಓಡಾಡುತ್ತದೆ, ಎಲ್ಲವನ್ನೂ. ಹತ್ತು ಅಕ್ಷರಗಳ ಅರ್ಥವನ್ನಷ್ಟೇ ಬಾಯಿಪಾಠ ಮಾಡಿದರೆ ಹದಿನೈದು ದಿನದಲ್ಲಿ ಹತ್ತೂ ಮರೆತುಹೋಗುತ್ತವೆ.

ಇಲ್ಲಿ ಕಲಿಯಲು ನಾನು ಆರಿಸಿರುವುದು ‘ಚಹಾ’ ಎಂಬ ಅಕ್ಷರ. ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯಲ್ಲಿ ಇದು ಮೊದಲ ಹಂತದಲ್ಲೇ ಬರುವ ಪದ. ಚೀನಾ, ತೈವಾನ್, ಹಾಂಗ್‌ಕಾಂಗ್, ಜಪಾನ್, ಎಲ್ಲಿ ಹೋದರೂ ಇದೇ ಅಕ್ಷರ. ಅದಕ್ಕಿಂತ ಜಾಸ್ತಿ ಖುಷಿಯ ವಿಷಯವೆಂದರೆ, ಈ ಪದ ಆಗಲೇ ನಿಮ್ಮ ಬಾಯಲ್ಲಿದೆ. ಹುಬ್ಬಳ್ಳಿ ಕಡೆ ಚಹಾ, ಮಂಗಳೂರು ಕಡೆ ಚಾ, ಮೈಸೂರು ಕಡೆ ಟೀ ಅಂತೀವಿ ಅಲ್ವಾ? ಮೂರೂ ಈ ಒಂದೇ ಅಕ್ಷರದ ಮಕ್ಕಳು. ಚೀನಾದ ಹೆಚ್ಚಿನ ಕಡೆ ಇದನ್ನು ‘ಛಾ’ ಎಂದು ಓದುತ್ತಾರೆ. ಫೂಜಿಯನ್ ಪ್ರಾಂತ್ಯದ ದಕ್ಷಿಣ ಕರಾವಳಿಯಂಥ ಕೆಲವು ಕಡೆ ಇದೇ ಅಕ್ಷರ ‘ತೇ’. ಪೋರ್ಚುಗೀಸರು ಮತ್ತು ಪಾರಸಿಯವರು ‘ಛಾ’ ಹಿಡಿದುಕೊಂಡರು. ಡಚ್ಚರು ಫೂಜಿಯನ್ನರ ‘ತೇ’ ಹಿಡಿದುಕೊಂಡರು, ಅದು ಇಂಗ್ಲಿಷಿಗೆ ಹೋಗಿ ಅಲ್ಲಿಂದ ನಮ್ಮ ಹೋಟೆಲಿನ ‘ಟೀ’ ಆಯಿತು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮಕ್ಕಳು ಲೆಕ್ಕ ಮಾಡುವ ಚೌಕುಳಿ ನೋಟ್‌ಬುಕ್, ಪೆನ್ಸಿಲ್, ಒಂದು ಮೊಬೈಲ್. ಮೊಬೈಲಿಗೆ ಪ್ಲೆಕೊ ಎಂಬ ನಿಘಂಟು ಆ್ಯಪ್ ಹಾಕಿಕೊಂಡರೆ ಒಳ್ಳೆಯದು. ಪುಕ್ಕಟೆ ಸಿಗುವ ಭಾಗವೇ ಶುರುವಿಗೆ ಸಾಕು.

ಈ ಲೇಖನದಲ್ಲಿ ಅಕ್ಷರವನ್ನು ನಾನು ಬೇಕೆಂದೇ ಅಚ್ಚು ಹಾಕಿಲ್ಲ. ಕಣ್ಣೆದುರು ಇದ್ದರೆ ನೀವು ಅದನ್ನು ಸುಮ್ನೆ ನೋಡಿ ಮುಂದೆ ಹೋಗುತ್ತೀರಿ. ನೀವೇ ಹುಡುಕಿ ತೆಗೆದು, ನೀವೇ ಬರೆಯಬೇಕು.

ಹಂತ 1: ಅಕ್ಷರವನ್ನು ಮೊಬೈಲಿನಲ್ಲಿ ಹಿಡಿಯಿರಿ

ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸುವ ಜಾಗಕ್ಕೆ ಹೋಗಿ ‘ಚೈನೀಸ್, ಸಿಂಪ್ಲಿಫೈಡ್’ ಆರಿಸಿ. ಅದರೊಳಗೆ ‘ಪಿನ್‌ಯಿನ್’ ಎಂಬ ಬಗೆ ಇರುತ್ತದೆ, ಅದನ್ನು ಒತ್ತಿ. ಪಿನ್‌ಯಿನ್ ಅಂದರೆ ಚೀನೀ ಸದ್ದುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ. ಚೀನಾ ಸರ್ಕಾರ 1958ರಲ್ಲಿ ಇದನ್ನು ಜಾರಿಗೆ ತಂದಿತು.

ಈಗ ಸಿ, ಎಚ್, ಎ ಎಂದು ಒತ್ತಿ. ಮೇಲೆ ಅಕ್ಷರಗಳ ಸಾಲು ಬರುತ್ತದೆ. ಇಲ್ಲೇ ಮೊದಲ ಗುಂಡಿ. ಆ ಸಾಲಿನಲ್ಲಿ ‘ಛಾ’ ಎಂಬ ಸದ್ದಿನ ಬೇರೆ ಬೇರೆ ಅಕ್ಷರಗಳು ಇರುತ್ತವೆ. ಮೊದಲು ಕಾಣುವುದು ಚಹಾವೇ ಆಗಿರಬೇಕೆಂದಿಲ್ಲ. ‘ತಪಾಸಣೆ ಮಾಡು’ ಎಂಬ ಅರ್ಥದ ಅಕ್ಷರವೂ ಇದೇ ಸದ್ದಿನದು, ಅದೇ ಎಷ್ಟೋ ಸಲ ಮುಂದೆ ಬಂದು ಕೂತಿರುತ್ತದೆ. ಆದ್ದರಿಂದ ಎಚ್, ಇ, ಸಿ, ಎಚ್, ಎ ಎಂದು ಒಟ್ಟಿಗೆ ಒತ್ತಿ. ಅದು ‘ಚಹಾ ಕುಡಿ’ ಎಂಬ ಎರಡಕ್ಷರದ ಜೋಡಿ ಕೊಡುತ್ತದೆ. ಮೊದಲನೆಯದನ್ನು ಅಳಿಸಿಬಿಡಿ. ಉಳಿದದ್ದೇ ನಮ್ಮ ಅಕ್ಷರ. ತಲೆಯ ಮೇಲೆ ಒಂದು ಅಡ್ಡಗೀಟು, ಅದನ್ನು ಸೀಳುವ ಎರಡು ಪುಟ್ಟ ಉದ್ದಗೀಟು ಇದ್ದರೆ ಸರಿಯಾದದ್ದನ್ನೇ ಹಿಡಿದಿದ್ದೀರಿ.

ಹಂತ 2: ಸದ್ದು

ಇದು ಕನ್ನಡದವರಿಗೆ ಅರ್ಧ ಸುಲಭ, ಅರ್ಧ ಕಷ್ಟ. ನಮ್ಮಲ್ಲಿ ಚ ಇದೆ, ಛ ಇದೆ. ಬರೆಯುವಾಗ ‘ಛತ್ರಿ’ ಎಂದು ಬರೆಯುತ್ತೇವೆ, ಹೇಳುವಾಗ ‘ಚತ್ರಿ’ ಅಂದುಬಿಡುತ್ತೇವೆ. ಚೀನೀ ಭಾಷೆಯಲ್ಲಿ ಈ ಚಾಳಿ ನಡೆಯೋದಿಲ್ಲ. ಉಸಿರು ಬಿಟ್ಟು ಹೇಳಿದರೆ ಚಹಾ. ಉಸಿರು ಬಿಡದೆ ‘ಚಾ’ ಅಂದರೆ ಅವರ ಕಿವಿಗೆ ಅದು ‘ಎಣ್ಣೆಯಲ್ಲಿ ಕರಿ’ ಎಂಬ ಬೇರೆಯೇ ಪದ. ನೀವು ಚಹಾ ಕೇಳಿದ್ದು ಬಜ್ಜಿಯವನಿಗೆ ಹೇಳಿದ ಹಾಗಾಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಛಾ’ ಎನ್ನಿ. ಕೈಗೆ ಗಾಳಿ ತಾಗಬೇಕು. ನಾಲಗೆಯ ತುದಿ ನಮ್ಮ ‘ಚ’ಕಾರಕ್ಕಿಂತ ಸ್ವಲ್ಪ ಹಿಂದೆ, ‘ಟ’ ಎನ್ನುವಾಗ ಹೋಗುವ ಜಾಗದ ಹತ್ತಿರ ಹೋಗಬೇಕು.

ಇನ್ನು ‘ಟೋನ್’. ಅಂದರೆ ಸ್ವರದ ಏರಿಳಿತ. ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನಲ್ಲಿ ನಾಲ್ಕು ಟೋನ್‌ಗಳಿವೆ. ಒಂದನೆಯದು ಮೇಲೆ ಸಮನಾಗಿ ನಿಲ್ಲುವುದು, ಎರಡನೆಯದು ಏರುವುದು, ಮೂರನೆಯದು ಇಳಿದು ಏರುವುದು, ನಾಲ್ಕನೆಯದು ಬೀಳುವುದು. ಚಹಾ ಎರಡನೆಯದು. ಯಾರೋ ಹೇಳಿದ್ದು ಸರಿಯಾಗಿ ಕೇಳಿಸದೆ “ಹಾಂ?” ಎಂದು ಕೇಳುತ್ತೀರಲ್ಲ, ಆಗ ದನಿ ಮೇಲಕ್ಕೆ ಹೋಗುತ್ತದೆ. ಅದೇ ಏರು. “ಹಾಂ? ಛಾ?” ಎಂದು ಎರಡನ್ನೂ ಬೆನ್ನಿಗೆ ಬೆನ್ನಿಗೆ ಹೇಳಿಕೊಳ್ಳಿ. ಅದನ್ನೇ ಬೀಳಿಸಿ ಹೇಳಿದರೆ ‘ಕಳಪೆ’ ಎಂದಾಗುತ್ತದೆ.

ನೆನಪಿಡಿ, ನಾನು ಕನ್ನಡ ಲಿಪಿಯಲ್ಲಿ ಬರೆಯುತ್ತಿರುವುದೆಲ್ಲ ಅಂದಾಜು. ಕಿವಿಯಿಂದಲೇ ಕಲಿಯಬೇಕು. ನಿಘಂಟಿನ ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿ ಹತ್ತು ಸಲ ಕೇಳಿ.

ಹಂತ 3: ಒಂಬತ್ತು ಗೀಟು

ನೋಟ್‌ಬುಕ್ಕಿನ ನಾಲ್ಕು ಚೌಕ ಸೇರಿಸಿ ಒಂದು ದೊಡ್ಡ ಚೌಕ ಮಾಡಿಕೊಳ್ಳಿ. ಚೀನಾದ ಮಕ್ಕಳು ಬರೆಯುವುದೂ ಇಂಥದೇ ಚೌಕದಲ್ಲಿ, ನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ ಇರುತ್ತದೆ. ಅಕ್ಷರ ಎಷ್ಟೇ ಗೀಟಿನದಾಗಿರಲಿ, ಚೌಕ ಅಷ್ಟೇ.

ಈಗ ಈ ಕ್ರಮದಲ್ಲಿ ಬರೆಯಿರಿ:

1. ಮೇಲ್ಗಡೆ ಎಡದಿಂದ ಬಲಕ್ಕೆ ಒಂದು ಅಡ್ಡಗೀಟು.
2. ಅದರ ಎಡಭಾಗವನ್ನು ಸೀಳುವ ಚಿಕ್ಕ ಉದ್ದಗೀಟು, ಮೇಲಿನಿಂದ ಕೆಳಕ್ಕೆ.
3. ಬಲಭಾಗದಲ್ಲೂ ಅಂಥದೇ ಇನ್ನೊಂದು.
4. ಇವುಗಳ ಕೆಳಗೆ, ನಡುವಿನಿಂದ ಹೊರಟು ಎಡಕ್ಕೆ ಜಾರುವ ಉದ್ದ ಗೀಟು.
5. ಅದೇ ತುದಿಯಿಂದ ಬಲಕ್ಕೆ ಜಾರುವ ಗೀಟು. ಈಗ ಹೆಂಚಿನ ಮನೆಯ ಸೂರಿನ ಹಾಗೆ ಕಾಣಬೇಕು. ಸೂರು ಅಗಲವಾಗಿರಲಿ, ಇಡೀ ಅಕ್ಷರದ ಅಂದ ಇದರ ಮೇಲೆ ನಿಂತಿದೆ.
6. ಸೂರಿನ ಕೆಳಗೆ ಒಂದು ಅಡ್ಡಗೀಟು.
7. ಅದನ್ನು ಸೀಳಿ ಕೆಳಗಿಳಿಯುವ ಉದ್ದಗೀಟು.
8. ಎಡಗಡೆ ಒಂದು ಪುಟ್ಟ ಓರೆಗೀಟು.
9. ಬಲಗಡೆ ಒಂದು ಚುಕ್ಕೆ, ಸ್ವಲ್ಪ ಎಳೆದ ಚುಕ್ಕೆ.

ತಪ್ಪು ಆಗುವುದು ಎರಡು ಕಡೆ. ಒಂದು, ಕೊನೆಯ ಚುಕ್ಕೆಯನ್ನು ಉದ್ದಕ್ಕೆ ಎಳೆದುಬಿಡುತ್ತಾರೆ. ಸೂರಿನ ಬಲಗೀಟು ಆಗಲೇ ದೊಡ್ಡದಾಗಿ ಬೀಸಿದೆ. ಒಂದೇ ಅಕ್ಷರದಲ್ಲಿ ಅಂಥ ಎರಡು ಬೀಸು ಬೇಡ ಎಂಬುದು ಅವರ ಬರವಣಿಗೆಯ ಮರ್ಯಾದೆ. ಎರಡನೆಯದು ಇನ್ನೂ ದೊಡ್ಡ ತಪ್ಪು. ಸೂರಿನ ಕೆಳಗೆ ಅಡ್ಡಗೀಟು ಒಂದೇ ಇರಬೇಕು. ಎರಡು ಹಾಕಿದರೆ ಅದು ಬೇರೆ ಅಕ್ಷರ. ಯಾವುದು ಅಂತ ಮುಂದೆ ಹೇಳುತ್ತೇನೆ.

ಕೆಲವು ಫಾಂಟುಗಳಲ್ಲಿ ಏಳನೇ ಗೀಟಿನ ಬುಡದಲ್ಲಿ ಸಣ್ಣ ಕೊಕ್ಕೆ ಕಾಣಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗೀಟಿನ ಕ್ರಮ ಇಷ್ಟು ಮುಖ್ಯವಾ ಎಂದು ತುಂಬ ಜನ ಕೇಳುತ್ತಾರೆ. ಹೌದು. ನಾವು ‘ಕ’ ಬರೆಯುವಾಗ ಕೈ ತಾನಾಗಿ ಹೋಗುತ್ತದೆ, ಯೋಚಿಸುವುದಿಲ್ಲ. ಕ್ರಮ ಒಂದೇ ಇದ್ದರೆ ಕೈ ನೆನಪಿಟ್ಟುಕೊಳ್ಳುತ್ತದೆ. ದಿನಕ್ಕೊಂದು ಥರ ಬರೆದರೆ ಪ್ರತಿದಿನ ಹೊಸ ಚಿತ್ರ ಬಿಡಿಸಿದ ಹಾಗೆ. ಮೊಬೈಲಿನಲ್ಲಿ ಕೈಬರಹದ ಕೀಬೋರ್ಡ್ ಹಾಕಿಕೊಂಡು ಬೆರಳಿನಿಂದ ಬರೆದು ನೋಡಿ. ಅದು ಅಕ್ಷರವನ್ನು ಗುರುತಿಸಿದರೆ ನೀವು ಪಾಸು.

ಹಂತ 4: ಒಳಗೆ ಏನಿದೆ?

ಮೇಲಿನ ಮೂರು ಗೀಟು ಅಂದರೆ ಹುಲ್ಲು, ಗಿಡ, ಸೊಪ್ಪು. ಇದು ಈ ಅಕ್ಷರದ ‘ಪೂಷೌ’. ಹಾಗೆಂದರೆ ನಿಘಂಟಿನಲ್ಲಿ ಅಕ್ಷರವನ್ನು ಯಾವ ಗುಂಪಿನಲ್ಲಿ ಹುಡುಕಬೇಕು ಎಂದು ಹೇಳುವ ತುಣುಕು. 1716ರ ಕಾಂಗ್‌ಶೀ ನಿಘಂಟಿನಲ್ಲಿ ಇಂಥ 214 ಗುಂಪುಗಳಿವೆ, ಹುಲ್ಲಿನದು 140ನೆಯದು. ನಡುವಿನ ಸೂರು ‘ಮನುಷ್ಯ’ ಎಂಬ ಅಕ್ಷರದ ರೂಪ. ಕೆಳಗಿನದು ‘ಮರ’.

ಮೇಲೆ ಹುಲ್ಲು, ಕೆಳಗೆ ಮರ, ನಡುವೆ ಮನುಷ್ಯ. “ಚಹಾ ಅಂದರೆ ಗಿಡಮರಗಳ ನಡುವೆ ಇರುವ ಮನುಷ್ಯ” ಎಂದು ಚೀನೀಯರೇ ಚಂದವಾಗಿ ಹೇಳುತ್ತಾರೆ. ನೆನಪಿಟ್ಟುಕೊಳ್ಳಲು ಇದು ಬಹಳ ಒಳ್ಳೆಯದು. ಆದರೆ ಅಕ್ಷರ ಹುಟ್ಟಿದ್ದೇ ಹೀಗೆ ಎಂದು ನಂಬಬೇಡಿ. ಚೀನೀ ಅಕ್ಷರಗಳೆಲ್ಲ ಚಿತ್ರಗಳು ಎಂಬುದು ಶುರುವಿನವರು ಮೋಸಹೋಗುವ ದೊಡ್ಡ ಜಾಗ. ಹೆಚ್ಚಿನವು ಚಿತ್ರಗಳಲ್ಲ. ಒಂದು ತುಣುಕು ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ತುಣುಕು ಸದ್ದಿನ ಸುಳಿವು ಕೊಡುತ್ತದೆ.

ಇದನ್ನು ತೋರಿಸಲು ನನ್ನ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇದೆ. ಸ್ನೇಹಿತರೊಬ್ಬರು ತಂದುಕೊಟ್ಟ ಮಲ್ಲಿಗೆ ಚಹಾ. ಅದರ ಮೇಲೆ ಸಾಲಾಗಿ ನಾಲ್ಕು ಅಕ್ಷರ: ಮೋ, ಲೀ, ಹ್ವಾ, ಛಾ. ನಾಲ್ಕರ ತಲೆಯ ಮೇಲೂ ಅದೇ ಹುಲ್ಲು. ಒಂದೇ ಥರದ ಟೋಪಿ ಹಾಕಿಕೊಂಡು ನಿಂತ ಸ್ಕೂಲ್ ಮಕ್ಕಳ ಹಾಗೆ ಕಾಣುತ್ತವೆ. ಟೋಪಿ ತೆಗೆದು ಕೆಳಗೆ ನೋಡಿ. ಮೊದಲನೆಯದರಲ್ಲಿ ‘ಕೊನೆ’ ಎಂಬ ಅರ್ಥದ ಅಕ್ಷರವಿದೆ, ಅದರ ಸದ್ದು ‘ಮೋ’. ಎರಡನೆಯದರಲ್ಲಿ ‘ಲಾಭ’ ಎಂಬ ಅಕ್ಷರ, ಸದ್ದು ‘ಲೀ’. ಮೂರನೆಯದರಲ್ಲಿ ‘ಬದಲಾಗು’ ಎಂಬ ಅಕ್ಷರ, ಸದ್ದು ‘ಹ್ವಾ’. ಹೂವಿಗೂ ಲಾಭಕ್ಕೂ ಏನೂ ಸಂಬಂಧವಿಲ್ಲ, ಅವು ಬಂದು ಕೂತಿರುವುದು ಸದ್ದಿಗಾಗಿ ಮಾತ್ರ. ಹುಲ್ಲಿನ ಟೋಪಿ “ಇದು ಗಿಡದ ವಿಷಯ” ಎನ್ನುತ್ತದೆ, ಅಷ್ಟೇ.

ಮೊದಲೆರಡನ್ನು ಸೇರಿಸಿ ಓದಿ: ಮೋಲೀ. ಸಂಸ್ಕೃತದ ‘ಮಲ್ಲಿಕಾ’ ಚೀನೀ ಬಾಯಲ್ಲಿ ಆದದ್ದು ಹೀಗೆ. ಹೂವು ಹೊರಗಿನಿಂದ ಹೋಯಿತು, ಹೆಸರೂ ಜೊತೆಗೇ ಹೋಯಿತು. ಮೈಸೂರು ಮಲ್ಲಿಗೆಯ ನೆಂಟರು ಆ ಡಬ್ಬಿಯ ಮೇಲೆ ಕೂತಿದ್ದಾರೆ ಎಂದು ಗೊತ್ತಾದ ಮೇಲೆ ಡಬ್ಬಿ ಖಾಲಿಯಾದರೂ ಎಸೆಯಲು ಮನಸ್ಸು ಬಂದಿಲ್ಲ.

ಹಾಗಾದರೆ ನಾಲ್ಕನೆಯದಾದ ಚಹಾದಲ್ಲಿ ಸದ್ದಿನ ತುಣುಕು ಎಲ್ಲಿ? ಅದು ಮುರಿದುಹೋಗಿದೆ. ಹಿಂದೆ ಚಹಾಕ್ಕೆ ಬಳಸುತ್ತಿದ್ದದ್ದು ಹತ್ತು ಗೀಟಿನ ಇನ್ನೊಂದು ಅಕ್ಷರ. ಸೂರಿನ ಕೆಳಗೆ ಎರಡು ಅಡ್ಡಗೀಟಿನದು. ಅದರ ಮೊದಲ ಅರ್ಥ ಒಂದು ಕಹಿ ಸೊಪ್ಪು, ಅದರ ಸದ್ದು ‘ಥೂ’. ಕಹಿ ಸೊಪ್ಪಿಗೆ ‘ಥೂ’! ಕನ್ನಡದವರಿಗೆ ಇದನ್ನು ನೆನಪಿಡಲು ಬೇರೆ ಉಪಾಯ ಬೇಕಾ? ತಾಂಗ್ ರಾಜರ ಕಾಲದಲ್ಲಿ, ಎಂಟನೇ ಶತಮಾನದ ಹೊತ್ತಿಗೆ, ಚಹಾ ಕುಡಿಯುವುದು ಎಲ್ಲ ಕಡೆ ಹಬ್ಬಿತು. ಆಗ ಒಂದು ಅಡ್ಡಗೀಟು ಕಿತ್ತುಹಾಕಿ ಚಹಾಕ್ಕೆ ತನ್ನದೇ ಅಕ್ಷರ ಮಾಡಿಕೊಂಡರು. ಅದೇ ಶತಮಾನದ ಲೂ ಯೂ ಎಂಬಾತ ಚಹಾದ ಬಗ್ಗೆ ಬರೆದ ಹೆಸರಾಂತ ಗ್ರಂಥದಲ್ಲಿ ಈ ಅಕ್ಷರದ ಚರ್ಚೆಯೂ ಇದೆ. ಒಂದು ಗೀಟು ಹೋಗಿದ್ದರಿಂದ ಸದ್ದಿನ ತುಣುಕು ಕೆಟ್ಟಿತು, ಕೆಳಗೆ ‘ಮರ’ದ ಹಾಗೆ ಕಾಣತೊಡಗಿತು. ಮನುಷ್ಯನ ಕಥೆ ಹುಟ್ಟಿಕೊಂಡದ್ದು ಆಮೇಲೆ.

ಇನ್ನೊಂದು ಆಟ ಹೇಳಿಬಿಡುತ್ತೇನೆ. ಚೀನೀ ಬರಹದಲ್ಲಿ ಹತ್ತು ಅಂದರೆ ಕೂಡುವ ಚಿಹ್ನೆಯ ಹಾಗೆ ಒಂದು ಅಡ್ಡ, ಒಂದು ಉದ್ದ ಗೀಟು. ಹುಲ್ಲಿನ ಟೋಪಿಯಲ್ಲಿ ಎರಡು ಹತ್ತು, ಅಂದರೆ ಇಪ್ಪತ್ತು. ಸೂರು ಎಂಟರ ಹಾಗಿದೆ, ಅದರ ಕೆಳಗೆ ಹತ್ತು, ಅದರ ಅಕ್ಕಪಕ್ಕ ಮತ್ತೊಂದು ಎಂಟು. ಎಂಟು-ಹತ್ತು-ಎಂಟು ಎಂದು ಬರೆದರೆ ಅವರ ಲೆಕ್ಕದಲ್ಲಿ 88. ಒಟ್ಟು 108. ಅದಕ್ಕೇ ಚೀನಾ, ಜಪಾನುಗಳಲ್ಲಿ 108 ವರ್ಷದ ಆಯಸ್ಸಿಗೆ ‘ಚಹಾ ವಯಸ್ಸು’ ಎಂಬ ಹೆಸರಿದೆ. ಅಷ್ಟೋತ್ತರ ಹೇಳುವ ನಮ್ಮ ಅಜ್ಜಿಯರಿಗೆ ಇದು ಗೊತ್ತಾಗಿದ್ದರೆ ಕಾಫಿ ಬಿಡುತ್ತಿದ್ದರೋ ಏನೋ.

ಹಂತ 5: ಜೊತೆಗಾರರನ್ನು ಕಲಿಯಿರಿ

ಒಂಟಿ ಅಕ್ಷರ ಕಲಿತು ನಿಲ್ಲಿಸಿದರೆ ಉಪಯೋಗವಿಲ್ಲ. ಒಳ್ಳೆಯ ಸುದ್ದಿ ಏನೆಂದರೆ, ಇಲ್ಲಿ ಪದ ಕಟ್ಟುವ ಕ್ರಮ ಕನ್ನಡದ್ದೇ. ‘ಛಾ’ ಕೊನೆಯಲ್ಲಿದ್ದರೆ ಅದು ಚಹಾದ ಒಂದು ಬಗೆ, ‘ಹಸಿರು ಚಹಾ’ದ ಹಾಗೆ. ಮೊದಲಲ್ಲಿದ್ದರೆ ಚಹಾಕ್ಕೆ ಸಂಬಂಧಪಟ್ಟ ವಸ್ತು, ‘ಚಹಾ ಲೋಟ’ದ ಹಾಗೆ.

ಲ್ಯೂಛಾ ಅಂದರೆ ಹಸಿರು ಚಹಾ. ಛಾಯೆ ಅಂದರೆ ಚಹಾ ಎಲೆ. ಛಾಹೂ ಅಂದರೆ ಚಹಾದ ಕೆಟಲು. ಛಾಗ್ವಾನ್ ಅಂದರೆ ಚಹಾದಂಗಡಿ. ನಾಯ್‌ಛಾ ಅಂದರೆ ಹಾಲು ಹಾಕಿದ ಚಹಾ. ಕೇಳಿ ಗಾಬರಿಯಾಗಬೇಡಿ, ‘ನಾಯ್’ ಅಂದರೆ ಹಾಲು.

ಜಾರಿ ಬೀಳುವ ಜಾಗ ಹೊಂಗ್‌ಛಾ. ಅಕ್ಷರಕ್ಕೆ ಅಕ್ಷರ ನೋಡಿದರೆ ‘ಕೆಂಪು ಚಹಾ’. ಆದರೆ ಅಸ್ಸಾಮು, ನೀಲಗಿರಿಯಿಂದ ಬಂದು ನಮ್ಮ ಅಡುಗೆಮನೆ ಡಬ್ಬಿಯಲ್ಲಿರುವ ಟೀ ಪುಡಿ ಇದೆಯಲ್ಲ, ಇಂಗ್ಲಿಷಿನವರು ಬ್ಲ್ಯಾಕ್ ಟೀ ಅನ್ನುವುದು, ಅದೇ ಹೊಂಗ್‌ಛಾ. ಚೀನೀಯರು ಕಷಾಯದ ಬಣ್ಣ ನೋಡಿ ಹೆಸರಿಟ್ಟರು, ಇಂಗ್ಲಿಷಿನವರು ಎಲೆಯ ಬಣ್ಣ ನೋಡಿ. ನೀವು ಜಾಣತನ ಮಾಡಿ ‘ಕಪ್ಪು’ ಎಂಬ ಪದ ಹುಡುಕಿ ಹೇಯ್‌ಛಾ ಕೇಳಿದರೆ ಬರುವುದು ಹುದುಗು ಬರಿಸಿದ ಬೇರೆಯೇ ಚಹಾ, ಮಣ್ಣಿನ ವಾಸನೆಯದು.

ಲ್ಯಾಂಗ್‌ಛಾ ಅಂದರೆ ‘ತಂಪು ಚಹಾ’. ಅದರಲ್ಲಿ ಸಾಮಾನ್ಯವಾಗಿ ಚಹಾ ಎಲೆಯೇ ಇರುವುದಿಲ್ಲ. ಗ್ವಾಂಗ್‌ಡಾಂಗ್ ಕಡೆ ಮೈ ಉಷ್ಣಕ್ಕೆ ಕುಡಿಯುವ ಗಿಡಮೂಲಿಕೆ ಕಷಾಯ ಅದು. ನಮ್ಮ ಕಷಾಯದ ಅಣ್ಣನೋ ತಮ್ಮನೋ.

ಇನ್ನೆರಡು ಎಚ್ಚರಿಕೆ. ಒಬ್ಬ ಹುಡುಗಿಯನ್ನು ‘ಲ್ಯೂಛಾ’ ಎಂದರೆ ಈಗಿನ ಆಡುಮಾತಿನಲ್ಲಿ ಅದು ಬೈಗುಳ. ಮೇಲೆ ಮುಗ್ಧೆ, ಒಳಗೆ ಲೆಕ್ಕಾಚಾರ ಎಂಬರ್ಥ. ತಮಾಷೆಗೂ ಹೇಳಬೇಡಿ. ಹಾಗೆಯೇ “ಪೊಲೀಸರು ಅವನನ್ನು ಚಹಾಕ್ಕೆ ಕರೆದರು” ಎಂದರೆ ವಿಚಾರಣೆಗೆ ಕರೆಸಿದರು ಎಂದು.

ಗಾದೆಗಳಲ್ಲಿ ಒಂದನ್ನಾದರೂ ಕಲಿಯಿರಿ: ರೆನ್ ಝೋ ಛಾ ಲ್ಯಾಂಗ್. “ಆಳು ಎದ್ದು ಹೋದ, ಚಹಾ ಆರಿತು.” ಕುರ್ಚಿ ಹೋದ ಮೇಲೆ ಯಾರೂ ಮೂಸಿ ಕೂಡ ನೋಡಲ್ಲ ಅಂತೀವಲ್ಲ, ಅದೇ.

ಹಂತ 6: ವಾಕ್ಯದಲ್ಲಿ ಕೂರಿಸಿ

ನಾವು ‘ಚಹಾ ಕುಡಿ’ ಅಂದರೆ ಅವರು ‘ಕುಡಿ ಚಹಾ’ ಅನ್ನುತ್ತಾರೆ: ಹ ಛಾ. ‘ವೊ ಹ ಛಾ’ ಎಂದರೆ ನಾನು ಚಹಾ ಕುಡಿಯುತ್ತೇನೆ. ‘ವೊ ಪು ಹ ಛಾ’ ಎಂದರೆ ಕುಡಿಯುವುದಿಲ್ಲ. ಕೇಳುವುದು ನಮಗೆ ತುಂಬ ಸುಲಭ. ನಾವು ಕೊನೆಗೆ ‘ಆ’ ಸೇರಿಸಿ ‘ಕುಡೀತೀರಾ?’ ಎನ್ನುವ ಹಾಗೆ ಅವರು ‘ಮಾ’ ಸೇರಿಸುತ್ತಾರೆ: ನಿ ಹ ಛಾ ಮಾ?

ಎಣಿಸುವಾಗ ಮಾತ್ರ ಹುಷಾರು. ‘ಎರಡು ಟೀ’ ಎಂದು ನೇರವಾಗಿ ಹೇಳುವಂತಿಲ್ಲ. ನಡುವೆ ಅಳತೆಯ ಪದ ಬೇಕು. ‘ಯಿ ಪೇಯ್ ಛಾ’ ಎಂದರೆ ಒಂದು ಕಪ್ ಚಹಾ, ‘ಲ್ಯಾಂಗ್ ಪೇಯ್ ಛಾ’ ಎಂದರೆ ಎರಡು ಕಪ್. ಪಿನ್‌ಯಿನ್‌ನಲ್ಲಿ ಬಿ ಇದೆ ಎಂದು ‘ಬೇಯ್’ ಅನ್ನಬೇಡಿ, ಅದು ನಮ್ಮ ‘ಪ’ಕ್ಕೆ ಹತ್ತಿರ. ಕ್ರಮ ತಿರುಗಿಸಿ ‘ಛಾಪೇಯ್’ ಅಂದರೆ ಸಿಗುವುದು ಖಾಲಿ ಕಪ್ಪು. ಮೇಲೆ ‘ತಂಪು’ ಎಂದದ್ದೂ ಲ್ಯಾಂಗ್, ಇಲ್ಲಿ ‘ಎರಡು’ ಎಂದದ್ದೂ ಲ್ಯಾಂಗ್. ತಂಪು ಎರಡನೇ ಟೋನ್, ಎರಡು ಮೂರನೇ ಟೋನ್. ಟೋನ್ ಯಾಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ.

ಹಂತ 7: ಒಂದೇ ಮುಖದವರನ್ನು ಬೇರೆ ಮಾಡಿ

‘ಥೂ’ ಅಕ್ಷರದ ವಿಷಯ ಹೇಳಿದ್ದೇನೆ. ಅದು ಈಗ ಹಳೆಯ ನುಡಿಗಟ್ಟುಗಳಲ್ಲಿ ಮಾತ್ರ ಬರುತ್ತದೆ, ಅದನ್ನು ‘ಛಾ’ ಎಂದು ಓದಿ ನಗೆಗೀಡಾಗುವ ಚೀನೀಯರೂ ಇದ್ದಾರೆ.

ನಿಮಗೆ ನಿಜವಾಗಿ ಕಾಟ ಕೊಡುವುದು ‘ತರಕಾರಿ’ ಎಂಬ ಅಕ್ಷರ. ಅದರ ಮೇಲೂ ಹುಲ್ಲು, ಕೆಳಗೂ ಮರ. ನಡುವೆ ಸೂರಿನ ಬದಲು ಒಂದು ಓರೆಗೀಟು, ಅದರ ಕೆಳಗೆ ಮೂರು ಪುಟ್ಟ ಗೀಟು, ಬೆರಳುಗಳ ಹಾಗೆ. ನಾನು ಶುರುವಿನಲ್ಲಿ ಒಂದು ಹೋಟೆಲಿನ ಮೆನುವಿನಲ್ಲಿ ‘ಹಸಿರು’ ಎಂಬುದನ್ನು ಗುರುತಿಸಿ, ಪಕ್ಕದ್ದು ಚಹಾ ಎಂದುಕೊಂಡು ಬೆರಳಿಟ್ಟು ತೋರಿಸಿದೆ. ಬಂದದ್ದು ತಟ್ಟೆ ತುಂಬ ಬೇಯಿಸಿದ ಸೊಪ್ಪು. ಅಂದಿನಿಂದ ಮೊದಲು ಸೂರು ಹುಡುಕುತ್ತೇನೆ. ಸೂರಿದ್ದರೆ ಚಹಾ, ಬೆರಳಿದ್ದರೆ ತರಕಾರಿ.

ಹಂತ 8: ಮರೆಯದಂತೆ ಮಾಡಿ

ಇಂಪೊಸಿಷನ್ ಥರ ನೂರು ಸಲ ಬರೆಯಬೇಡಿ. ಹತ್ತನೆಯ ಸಲದ ಮೇಲೆ ಕೈ ಬರೆಯುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ. ಇವತ್ತು ಐದು ಸಲ ನೋಡಿಕೊಂಡು ಬರೆಯಿರಿ, ಆರನೆಯದನ್ನು ನೋಡದೆ. ನಾಳೆ ನೋಡದೆ ಒಂದು ಸಲ. ಆಮೇಲೆ ನಾಲ್ಕನೇ ದಿನ, ಎಂಟನೇ ದಿನ. ಬರೆದಾಗಲೆಲ್ಲ ಏರುದನಿಯಲ್ಲಿ ‘ಛಾ’ ಎನ್ನಿ, ಒಂದು ಜೊತೆಪದ ಹೇಳಿ. ತಪ್ಪಿದರೆ ದಿನದ ಲೆಕ್ಕ ಮತ್ತೆ ಒಂದರಿಂದ.

ಹಚ್ಚೆ ಹಾಕಿಸಿಕೊಳ್ಳುವ ಯೋಚನೆ ಇದ್ದವರಿಗೆ: ಮೊದಲು ಎಂಟನೇ ದಿನ ದಾಟಲಿ. ಹಚ್ಚೆಯವರ ಪಟ್ಟಿ ನಂಬುವ ಬದಲು ಮೇಲಿನ ಒಂಬತ್ತು ಗೀಟನ್ನು ನೀವೇ ಎಣಿಸಿ ನೋಡಿ. ಒಂದು ಗೀಟು ಜಾಸ್ತಿಯಾದರೆ ತೋಳಿನ ಮೇಲೆ ಜೀವನಪೂರ್ತಿ ‘ಥೂ’ ಎಂದಿರುತ್ತದೆ.

ಎರಡನೇ ಅಕ್ಷರ ಯಾವುದು ಎಂದು ಕೇಳುವಿರಾದರೆ, ಆ ಡಬ್ಬಿಯ ಮೂರನೆಯದು, ಹ್ವಾ, ಹೂವು. ಎಚ್, ಯು, ಎ ಎಂದು ಒತ್ತಿ. ಒಟ್ಟು ಏಳು ಗೀಟು. ಮೇಲಿನ ಮೂರು ನಿಮಗೆ ಆಗಲೇ ಬರುತ್ತವೆ.